ಮೋನಪ್ಪ ತಂದ ಗಾಳಿ ಬಾಣಲೆ

ಕತೆ ಹೇಳುತ್ತೇನೆ, ಆದರೆ ಹೂಂಗುಟ್ಟುವುದಕ್ಕೆ ಒಬ್ಬರಾದರೂ ಎಚ್ಚರವಾಗಿರಬೇಕು. ಉಳಿದವರು ಕಣ್ಣು ಮುಚ್ಚಿಕೊಂಡರೆ ನನಗೇನೂ ಬೇಜಾರಿಲ್ಲ. ಇದು ಕಣ್ಣು ಮುಚ್ಚಿಕೊಂಡು ಕೇಳುವ ಕತೆಯೇ.

ಒಂದೂರಲ್ಲಿ ಸಾವಂತ್ರಮ್ಮ ಅಂತ ಒಬ್ಬ ತಾಯಿ. ಅವಳಿಗೆ ಮೋನಪ್ಪ ಅಂತ ಒಬ್ಬನೇ ಮಗ. ಆಳು ನೋಡಿದರೆ ಬಾಗಿಲ ಚೌಕಟ್ಟಿಗೆ ತಲೆ ತಾಗಬೇಕು, ಬುದ್ಧಿ ನೋಡಿದರೆ ಹೊಸ್ತಿಲಿಗಿಂತ ಮೇಲೆ ಬಂದಿಲ್ಲ. ಹೇಳಿದ ಮಾತು ಮೀರುವವನಲ್ಲ, ಅದೇ ಅವನ ರೋಗ. ಹಾಲು ಉಕ್ಕುತ್ತಾ ನೋಡ್ತಿರು ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡಿ, "ಉಕ್ಕಿತಮ್ಮ, ನೋಡಿದೆ" ಅನ್ನುವವನು.

ಅವನ ಅಪ್ಪ ಕಾಳಾಚಾರಿ ಬಸ್ಸಿಗೆ ಬಾಡಿ ಕಟ್ಟುವ ಬಡಗಿ. ಕೊನೇ ಕಾಲದಲ್ಲಿ ಒಂದು ಹಳೇ ಸ್ಕೂಲ್ ವ್ಯಾನು ಕೊಂಡು ಅದರೊಳಗೇ ಒಂದು ಮನೆ ಕಟ್ಟಿದ. ಮಡಿಸಿದರೆ ಬೆಂಚು, ಬಿಡಿಸಿದರೆ ಮಂಚ. ಕಿಟಕಿ ಪಕ್ಕ ಅಡುಗೆ ಕಟ್ಟೆ, ಮೇಲೊಂದು ದೀಪ, ಅದಕ್ಕೊಂದು ಬ್ಯಾಟರಿ. "ಸಾವಂತ್ರಿ, ನೀನು ಸಮುದ್ರ ನೋಡಿಲ್ಲ. ಈ ಗಾಡೀಲಿ ಕರ್ಕೊಂಡು ಹೋಗ್ತೀನಿ. ಸಮುದ್ರದ ಮುಂದೆ ನಿಲ್ಲಿಸಿ, ನೀನು ಬಿಸಿಬಿಸಿ ಅಂಬೊಡೆ ಮಾಡ್ಬೇಕು, ನಾನು ತಿನ್ಬೇಕು" ಅಂತಿದ್ದ. ಹೇಳಿದವನು ಹೋದ. ಬೂದಿ ಹೊಳೆಗೆ ಬಿಡುವಾಗ ಅವಳು ಮಗನಿಗೆ, "ನಿಮ್ಮಪ್ಪ ನಮಗಿಂತ ಮುಂಚೇನೇ ಸಮುದ್ರಕ್ಕೆ ಹೋದ" ಅಂದಿದ್ದಳು. ಗಾಡಿ ಹಿತ್ತಲ ಹುಣಸೇಮರದ ಕೆಳಗೆ ನಿಂತುಬಿಟ್ಟಿತು. ಸಂಜೆ ಹೊತ್ತು ಸಾವಂತ್ರಮ್ಮ ಅದರೊಳಗೆ ಹೋಗಿ ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚುತ್ತಿದ್ದಳು. ಹುಣಸೇಮರ ಗಾಳಿಗೆ ಸುಯ್ಯೆನ್ನುತ್ತಿತ್ತು. ಸಮುದ್ರ ಹೀಗೇ ಸದ್ದು ಮಾಡುತ್ತೇನೋ ಅಂದುಕೊಳ್ಳುತ್ತಿದ್ದಳು.

ಗಂಡನ ವರ್ಷದ ದಿನ ಹತ್ತಿರ ಬಂತು. ಅವತ್ತು ಸಮುದ್ರದ ಮುಂದೆಯೇ ಅಂಬೊಡೆ ಮಾಡಿ ಅವನಿಗೆ ಇಡಬೇಕು ಅಂತ ಅವಳ ಮನಸ್ಸು. ಆದರೆ ಡಾಕ್ಟರು ಎಣ್ಣೆಯಲ್ಲಿ ಕರಿದದ್ದನ್ನು ಅವಳು ಮುಟ್ಟಲೇಬಾರದು ಅಂದಿದ್ದರು. ಅವಳು ತಿನ್ನದ್ದನ್ನು ಅವನಿಗೆ ಮಾತ್ರ ಇಟ್ಟರೆ ಅದೆಂಥ ಜೊತೆಯೂಟ? ಪಕ್ಕದ ಮನೆ ಜುಬೇದಾ ಇನ್ನೊಂದು ಹೇಳಿದಳು. "ಸಾವಂತ್ರಕ್ಕ, ಸಮುದ್ರದ ಗಾಳಿಗೆ ಗ್ಯಾಸ್ ಒಲೆ ನಿಲ್ಲಲ್ಲ, ಭುಸ್ ಅಂತ ಆರಿಹೋಗ್ತದೆ. ನನ್ನ ಮಗಳ ಮನೇಲಿ ಏರ್ ಫ್ರೈಯರ್ ಇದೆ. ಎಣ್ಣೆ ಬೇಡ, ಬೆಂಕಿ ಬೇಡ, ಬಿಸಿ ಗಾಳೀಲೇ ಗರಿಗರಿ ಆಗ್ತದೆ. ಮನೆಗೂ ಆಗ್ತದೆ, ಗಾಡಿಗೂ ಆಗ್ತದೆ."

ಗಾಳಿಗೆ ಆರುವ ಒಲೆ ಬಿಟ್ಟು ಗಾಳಿಯಲ್ಲೇ ಬೇಯಿಸುವ ಬಾಣಲೆ! ಸಾವಂತ್ರಮ್ಮನಿಗೆ ಇದು ಗಂಡನೇ ಕನಸಲ್ಲಿ ಬಂದು ಹೇಳಿದ ಹಾಗಾಯಿತು. ಮಗನನ್ನು ಕರೆದಳು.

"ಮಗ, ಪೇಟೆಗೆ ಹೋಗಿ ಗಾಳಿ ಬಾಣಲೆ ಕೇಳು. ಗಾಡಿ ಕಟ್ಟೆ ಮೇಲೆ ಜಾಗ ಎಷ್ಟೈತೆ ಅಂತ ದಾರದಲ್ಲಿ ಅಳೆದುಕೋ. ಅದಕ್ಕೆ ಸರಿಯಾಗಿ ಕೂರೋದನ್ನೇ ತಗೊಂಡು ಬಾ."

"ಆಗಲಮ್ಮ."

ಅಳೆದ, ದಾರಕ್ಕೆ ಗಂಟು ಹಾಕಿದ, ಹೋದ. ಅಂಗಡಿ ಪದ್ಮರಾಜಯ್ಯನದು. ಪದ್ಮರಾಜಯ್ಯ ಒಂದು ಯಂತ್ರ ತೆಗೆದು ತೋರಿಸಿದ. ಮೋನಪ್ಪ ದಾರ ಹಿಡಿದ. ನಾಲ್ಕು ಬೆರಳು ದಾರ ಉಳಿಯಿತು. ಇನ್ನೊಂದಕ್ಕೆ ಹಿಡಿದ, ಮೂರು ಬೆರಳು ಉಳಿಯಿತು. ಕೊನೆಗೆ ಯಂತ್ರ ಬಂದಿದ್ದ ರಟ್ಟಿನ ಡಬ್ಬಿಗೆ ಹಿಡಿದ. ಗಂಟಿಗೆ ಗಂಟು ಸರಿಹೋಯಿತು. ಡಬ್ಬಿ ತಲೆ ಮೇಲೆ ಹೊತ್ತುಕೊಂಡು ಹಾಡು ಹೇಳಿಕೊಂಡು ಬಂದ.

"ನೋಡಮ್ಮ, ಅಚ್ಚು ಹಾಕಿದ ಹಾಗೆ ಕೂತಿದೆ. ಅಂಗಡಿಯವರು ದುಡ್ಡೂ ಕೇಳಲಿಲ್ಲ."

ಸಾವಂತ್ರಮ್ಮ ಡಬ್ಬಿ ಅಲ್ಲಾಡಿಸಿದಳು. ಸದ್ದಿಲ್ಲ.

"ಲೇ, ಖಾಲಿ ಡಬ್ಬಿ ಹೊತ್ಕೊಂಡು ಬಂದೆಯಲ್ಲೋ! ನಿನ್ನ ತಲೆಯೊಳಗೆ ಏನೈತೋ?"

"ನಾನು ನೋಡಿಲ್ಲಮ್ಮ."

"ಅದೇ ನಿನ್ನ ಕತೆ. ಇನ್ಮೇಲೆ ಏನು ತಂದರೂ ಒಳಗೆ ಏನೈತೆ ಅಂತ ತೆರೆದು ನೋಡು. ಖಾಲಿ ಇದ್ದದ್ದನ್ನ ತರಬೇಡ."

"ಆಗಲಮ್ಮ. ಮುಂಚೇನೇ ಹೇಳಬಾರದಿತ್ತಾ?"

ಅವತ್ತು ಸಂಜೆ ಅವಳು ಗಾಡಿಯೊಳಗೆ ಕೂತಾಗ ಖಾಲಿ ಡಬ್ಬಿ ಕಟ್ಟೆ ಮೇಲೇ ಇತ್ತು. ನಿಜ ಹೇಳಬೇಕೆಂದರೆ ಅಚ್ಚು ಹಾಕಿದ ಹಾಗೇ ಕೂತಿತ್ತು. ಅವಳ ಸಮುದ್ರ ಸ್ವಲ್ಪ ದೂರ ಹೋದ ಹಾಗಾಯಿತು.

ಮಾರನೇ ದಿನ ಮೋನಪ್ಪ ಮತ್ತೆ ಪೇಟೆಗೆ ಹೋದ. ಮಧ್ಯಾಹ್ನದ ಹೊತ್ತು, ಪದ್ಮರಾಜಯ್ಯ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದ. ಮೋನಪ್ಪ ಒಂದು ಯಂತ್ರದ ಡ್ರಾ ಎಳೆದ. ಖಾಲಿ. ಇನ್ನೊಂದನ್ನು ಎಳೆದ. ಅದೂ ಖಾಲಿ. ದೊಡ್ಡದು, ಸಣ್ಣದು, ಗಾಜಿನ ಕಿಟಕಿ ಇದ್ದದ್ದು, ಎಲ್ಲ ಖಾಲಿ. ಎಂಥ ಮೋಸದ ಅಂಗಡಿ ಅಂದುಕೊಂಡ. ಕಡೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಮೂರಂತಸ್ತಿನ ಸ್ಟೀಲಿನದು ಸಿಕ್ಕಿತು. ತೆರೆದು ನೋಡಿದ. ಕೆಳಗೆ ಅನ್ನ, ನಡುವೆ ಹುಳಿ, ಮೇಲೆ ಹೀರೇಕಾಯಿ ಪಲ್ಯ. ಅದನ್ನೇ ತಂದ.

"ಅಮ್ಮ, ಇಡೀ ಅಂಗಡೀಲಿ ಇದೊಂದೇ ಖಾಲಿ ಇರಲಿಲ್ಲ. ಬಿಸಿ ಬೇರೆ ಐತೆ, ಕೆಲಸ ಮಾಡುತ್ತೆ."

ಸಾವಂತ್ರಮ್ಮ ಹಣೆ ಹಣೆ ಚಚ್ಚಿಕೊಂಡಳು. "ಆ ಪುಣ್ಯಾತ್ಮ ಉಪವಾಸ ಕೂತಿರ್ತಾನಲ್ಲೋ! ಅದು ಅವನ ಊಟದ ಕ್ಯಾರಿಯರ್ರು!"

ಅನ್ನ ಆಗಲೇ ಆರಿಹೋಗಿತ್ತು. ಅವಳು ಅದನ್ನೆಲ್ಲ ತೆಗೆದು, ತೊಳೆದು, ಹೊಸದಾಗಿ ಹೋಳಿಗೆ ತಟ್ಟಿ ಮೂರು ಬಟ್ಟಲಿಗೂ ತುಂಬಿದಳು. "ಹೋಗಿ ತಪ್ಪಾಯ್ತು ಅಂತ ಹೇಳಿ ಕೊಟ್ಟು ಬಾ. ಇನ್ನೊಂದು ನೆನಪಿಟ್ಕೋ. ಇನ್ನೊಬ್ಬರದು ಏನೇ ಆಗಲಿ, ಖಾಲಿಯಾಗಿ ವಾಪಸು ಕೊಡಬಾರದು. ಒಳಗೆ ಏನಾದರೂ ಹಾಕಿಯೇ ಕೊಡಬೇಕು. ಅದು ಮನೆತನ."

"ಆಗಲಮ್ಮ."

ಹೋಳಿಗೆ ತಿಂದು ಪದ್ಮರಾಜಯ್ಯನ ಸಿಟ್ಟು ಇಳಿಯಿತು. ಹೊಟ್ಟೆ ತುಂಬಿದವನ ಬಾಯಲ್ಲಿ ಬೈಗುಳ ಎಲ್ಲಿಂದ ಬರಬೇಕು? ಒಂದು ದೊಡ್ಡ ಯಂತ್ರ ಕೊಟ್ಟ. "ನೋಡಪ್ಪ, ಮನೇಲಿ ಹಾಕಿ ನೋಡಿ, ಗಾಡೀಲೂ ಹಾಕಿ ನೋಡಿ. ಹೊಂದದಿದ್ದರೆ ವಾಪಸು ತಂದುಬಿಡು."

ಮನೆಯಲ್ಲಿ ಅದು ಚೆನ್ನಾಗಿಯೇ ಬೇಯಿಸಿತು. ಗಾಡಿಯ ಬ್ಯಾಟರಿಗೆ ಹಾಕಿದರೆ ಕುಂಯ್ ಅಂತು, ದೀಪ ಕಣ್ಣು ಮಿಟುಕಿಸಿತು, ಎಲ್ಲಾ ನಿಂತಿತು. ಆನೆ ಸಾಕಬಹುದು, ಅದರ ಹೊಟ್ಟೆಗೆ ಹಾಕುವುದೇ ಕಷ್ಟ. "ಇದು ಮನೆಗಾಯ್ತು, ಗಾಡಿಗಾಗಲಿಲ್ಲ. ವಾಪಸು ಕೊಟ್ಟು, ಕರೆಂಟು ಕಡಿಮೆ ಹಿಡಿಯೋ ಸಣ್ಣದು ಕೇಳು. ವರ್ಷದ ದಿನ ಹತ್ತಿರ ಬಂತು ಮಗ, ಈ ಸಲ ಎಡವಟ್ಟು ಮಾಡಬೇಡ" ಅಂದಳು ಸಾವಂತ್ರಮ್ಮ. ಅಷ್ಟು ಹೇಳುವಾಗ ಅವಳ ದನಿ ಸಣ್ಣಗಾಗಿತ್ತು.

ಮೋನಪ್ಪನಿಗೂ ಗೊತ್ತಾಯಿತು, ಈ ಸಲ ತಪ್ಪಬಾರದು. ಇನ್ನೊಬ್ಬರದು ಖಾಲಿಯಾಗಿ ವಾಪಸು ಕೊಡಬಾರದು. ಉಗ್ರಾಣಕ್ಕೆ ಹೋಗಿ ಮೆಕ್ಕೆಜೋಳ ಮೊಗೆಮೊಗೆದು ಡ್ರಾ ತುಂಬಿಸಿ ಮುಚ್ಚಿದ.

ಪದ್ಮರಾಜಯ್ಯ ವಾಪಸು ಇಟ್ಟುಕೊಳ್ಳುವ ಮುಂಚೆ ಯಂತ್ರ ಸರಿಯಿದೆಯಾ ನೋಡೋಣ ಅಂತ ಸ್ವಿಚ್ ಹಾಕಿದ. ಹಾಕಿ ಗಿರಾಕಿ ಕಡೆ ತಿರುಗಿದ. ಸ್ವಲ್ಪ ಹೊತ್ತಿಗೆ ಒಳಗೆ ಪಟ್ ಅಂತು. ಪಟಪಟ ಅಂತು. ಗಾಬರಿಯಾಗಿ ಡ್ರಾ ಎಳೆದ ನೋಡಿ! ಬೆಳ್ಳಗೆ ಅರಳಿದ ಜೋಳ ಮೇಲೆ ಹಾರಿತು, ಫ್ಯಾನಿನ ಗಾಳಿಗೆ ಸಿಕ್ಕಿತು, ಅಂಗಡಿ ತುಂಬ ಮಲ್ಲಿಗೆ ಉದುರಿದ ಹಾಗೆ ಮೆಲ್ಲಗೆ ಇಳಿಯಿತು. ಮಿಕ್ಸಿ ಮೇಲೆ, ಕುಕ್ಕರ್ ಮೇಲೆ, ಪದ್ಮರಾಜಯ್ಯನ ಬೋಳು ತಲೆಯ ಮೇಲೆ. ಆಮೇಲೆ ಒಂದು ಮಗು ಭುಜದ ಮೇಲೆ ಬಿದ್ದದ್ದನ್ನು ಎತ್ತಿ ಬಾಯಿಗೆ ಹಾಕಿಕೊಂಡಿತು. ಅದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಆ ಸಂಜೆ ಅಂಗಡಿಯಲ್ಲಿದ್ದ ಗಾಳಿ ಬಾಣಲೆಗಳೆಲ್ಲ ಖರ್ಚಾದವು, ಒಂದು ಸಣ್ಣದನ್ನು ಬಿಟ್ಟು. ಅದನ್ನು ಪದ್ಮರಾಜಯ್ಯ ತಾನೇ ಮೋನಪ್ಪನ ಕೈಗಿಟ್ಟ. "ತಗೊಂಡು ಹೋಗಪ್ಪ. ಇದನ್ನ ಮಾತ್ರ ವಾಪಸು ತರಬೇಡ."

ಆದರೆ ಸುದ್ದಿ ಮನೆಗೆ ಬೇರೆ ಥರ ಬಂದಿತ್ತು. "ಊರ ತುಂಬ ನಗೆಪಾಟಲು ಮಾಡಿದೆಯಲ್ಲೋ! ಕೈ ಮುಗೀತೀನಿ, ಇನ್ಮೇಲೆ ಯಾರಿಗೂ ಯಾವ ಪಾತ್ರೇಲೂ ಏನನ್ನೂ ಹಾಕಿ ಕೊಡಬೇಡ."

"ಆಗಲಮ್ಮ."

ಸಣ್ಣದು ಮನೆಯಲ್ಲಿ ಹಾಕಿದರೂ ಓಡಿತು, ಗಾಡಿಯಲ್ಲಿ ಹಾಕಿದರೂ ಓಡಿತು. ದೀಪ ಕಣ್ಣು ಮಿಟುಕಿಸಲಿಲ್ಲ. ಸಾವಂತ್ರಮ್ಮ ಕಡಲೇಬೇಳೆ ನೆನೆಹಾಕಿ, ರುಬ್ಬಿ, ಸಬ್ಬಸಿಗೆ ಸೊಪ್ಪು ಹಾಕಿ, ತಟ್ಟಿ, ಮೇಲೊಂದು ಹನಿ ಎಣ್ಣೆ ಸವರಿ ಇಟ್ಟಳು. ಘಮ್ಮೆಂದಿತು. ದಾರಿ ತೋರಿಸಿದವಳು ಜುಬೇದಾ, ಮೊದಲ ರುಚಿ ಅವಳಿಗೇ ಹೋಗಬೇಕು.

"ಮಗ, ನಾಲ್ಕು ಅಂಬೊಡೆ ಪಕ್ಕದ ಮನೆಗೆ ಕೊಟ್ಟು ಬಾ."

ಪಾತ್ರೆಯಲ್ಲಿ ಹಾಕಿ ಕೊಡಬಾರದು. ಮೋನಪ್ಪ ನಾಲ್ಕನ್ನೂ ಅಂಗಿ ಜೇಬಿಗೆ ಹಾಕಿಕೊಂಡ. ಎದೆ ಸುಟ್ಟಿತು. ದಾರಿ ತುಂಬ ಕುಣಿದ. ಜುಬೇದಾ ಬಾಗಿಲು ತೆರೆದಾಗ ಜೇಬಿನಿಂದ ಪುಡಿಪುಡಿಯಾದ ಅಂಬೊಡೆ ತೆಗೆದು ಅವಳ ಬೊಗಸೆಗೆ ಸುರಿದ. ಜುಬೇದಾ ಒಳ್ಳೆಯವಳು. ಮುಖದ ಮೇಲೆ ಏನೂ ತೋರಿಸಲಿಲ್ಲ, ಅವನು ಹೋದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ನನ್ನ ಕರ್ಮವೇ" ಅಂದಳು ತಾಯಿ. "ಜೇಬಿನಲ್ಲಿ ಕೊಡ್ತಾರೇನೋ? ಸರಿಯಾಗಿ ಕೇಳಿಸ್ಕೋ. ಯಾರಿಗೇ ಕೊಡು, ಬಿಸಿ ಆರೋ ಮುಂಚೆ, ಪಾತ್ರೆ ಸಮೇತ ಕೊಡು. ಕೊಟ್ಟು ಓಡಿ ಬರಬೇಡ. ಅವರು ಪಾತ್ರೆ ವಾಪಸು ಕೊಡೋವರೆಗೂ ನಿಂತಿದ್ದು ತಗೊಂಡು ಬಾ."

"ಬಿಸಿ ಆರೋ ಮುಂಚೆ. ಪಾತ್ರೆ ಸಮೇತ. ವಾಪಸು ಕೊಡೋವರೆಗೂ" ಅಂತ ಮೋನಪ್ಪ ಬಾಯಿಪಾಠ ಮಾಡಿದ.

ಹೂಂ ಅನ್ನುವವರು ಇದ್ದೀರಾ? ಇದ್ದರೆ ಸರಿ. ಈಗ ಗಾಡಿ ಹೊರಡುತ್ತೆ.

ಗಾಡಿ ಓಡಿಸುವುದರಲ್ಲಿ ಮಾತ್ರ ಮೋನಪ್ಪನನ್ನು ಮೀರಿಸುವವರಿಲ್ಲ. ಬೋರ್ಡು ಏನು ಹೇಳುತ್ತದೋ ಅದನ್ನೇ ಮಾಡುವವನು ಅವನೊಬ್ಬನೇ. ನಿಧಾನ ಅಂದಲ್ಲಿ ನಿಧಾನ. ಹಾರ್ನ್ ಮಾಡಿ ಅಂತ ಬರೆದ ಲಾರಿ ಕಂಡರೆ, ನಿಂತ ಲಾರಿಯಾದರೂ ಸರಿ, ಒಳಗೆ ಮಲಗಿದ್ದ ಡ್ರೈವರ್ ಎದ್ದು ಕೈ ಮುಗಿಯುವವರೆಗೂ ಹಾರ್ನ್. ಘಟ್ಟ ಇಳಿಯುವಾಗ ಮಂಜು ಕಿಟಕಿಯೊಳಗೆ ಬಂತು. ಸಾವಂತ್ರಮ್ಮ ಬೆಂಚಿನ ಮೇಲೆ ತೂಗುತ್ತಾ ತೂಗುತ್ತಾ ನಿದ್ದೆ ಹೋದಳು. ನಿದ್ದೆಯಲ್ಲಿ ಹುಣಸೇಮರದ ಸದ್ದು ಕೇಳುತ್ತಲೇ ಇತ್ತು. ಕಣ್ಣು ಬಿಟ್ಟಳು. ಮರ ಇರಲಿಲ್ಲ, ಸದ್ದು ಮಾತ್ರ ಇತ್ತು.

ಮುಂದೆ ಸಮುದ್ರ.

ಅವಳು ಕಿಟಕಿ ಬಿಟ್ಟು ಏಳಲಿಲ್ಲ. ಇಳಿಯಲೂ ಇಲ್ಲ. ಅಷ್ಟು ನೀರು ಕಂಡು ಅವಳಿಗೆ ಹೆದರಿಕೆಯಾಗಿತ್ತು. ಗಾಡಿಯೊಳಗೇ ಕೂತು ಗಂಡ ಕಟ್ಟಿದ ಕಟ್ಟೆಯ ಮೇಲೆ ಅಂಬೊಡೆ ತಟ್ಟಿದಳು. ಗಾಳಿ ಕಿಟಕಿಯ ಪರದೆ ಕಿತ್ತುಹೋಗುವ ಹಾಗೆ ಬೀಸುತ್ತಿತ್ತು. ಬಾಣಲೆಗೆ ಅದರ ಪರಿವೆಯೇ ಇಲ್ಲ, ತನ್ನ ಗಾಳಿ ತಾನು ಬೀಸಿಕೊಂಡು ಗುಂಯ್ ಅನ್ನುತ್ತಿತ್ತು. ಕಡೆಗೆ ಟಿಣ್ ಅಂತು. ಅವಳು ಬಾಳೆಲೆ ಹುಡುಕಲು ಬೆನ್ನು ತಿರುಗಿಸಿ, "ಮಗ, ಮೊದಲು ನಿಮ್ಮಪ್ಪನಿಗೆ ಕೊಡು" ಅಂದಳು. ಎಲೆಯ ಮೇಲೆ ಎರಡಿಟ್ಟು ಕಾಗೆ ಕರೆಯಲಿ ಅಂತ ಅವಳ ಎಣಿಕೆ.

ಎಲೆ ಸಿಕ್ಕಿತು. ತಿರುಗಿ ನೋಡಿದರೆ ಮಗನೂ ಇಲ್ಲ, ಬಾಣಲೆಯ ಡ್ರಾವೂ ಇಲ್ಲ.

ಮೋನಪ್ಪ ಮೊಣಕಾಲುದ್ದ ನೀರಲ್ಲಿ ನಿಂತಿದ್ದ. ಡ್ರಾ ಅಲೆಯ ಮೇಲೆ ದೋಣಿಯ ಹಾಗೆ ತೇಲಿಕೊಂಡು ಒಳಗೊಳಗೆ ಹೋಗುತ್ತಿತ್ತು. ಅಂಬೊಡೆಯ ಹಬೆ ಇನ್ನೂ ಮೇಲೇಳುತ್ತಿತ್ತು.

"ಏನು ಮಾಡಿದೆಯೋ!" ಅವಳು ಗಾಡಿಯಿಂದ ಇಳಿದು ಮರಳಲ್ಲಿ ಎಡವುತ್ತಾ ಓಡಿದಳು. "ಎಷ್ಟು ಕಷ್ಟಪಟ್ಟು ತಂದದ್ದು! ಬಾರೋ ಈಚೆಗೆ!"

"ಬರಕ್ಕಾಗಲ್ಲಮ್ಮ. ಬಿಸಿ ಆರೋ ಮುಂಚೆ ಕೊಟ್ಟೆ. ಪಾತ್ರೆ ಸಮೇತ ಕೊಟ್ಟೆ. ಅಪ್ಪ ವಾಪಸು ಕೊಡೋವರೆಗೂ ನಿಂತಿರಬೇಕಲ್ಲ?"

"ಅಪ್ಪ ಎಲ್ಲಿಂದ ವಾಪಸು ಕೊಡ್ತಾನೋ ಹುಚ್ಚಪ್ಪ!"

"ನೀನೇ ಹೇಳಿದ್ದಲ್ಲಮ್ಮ, ಮೊದಲು ಅಪ್ಪನಿಗೆ ಅಂತ."

ಅವನನ್ನು ಎಳೆದು ತರಬೇಕು ಅಂತ ಅವಳೂ ನೀರಿಗಿಳಿದಳು. ಅಲೆ ಬಂದು ಪಾದ ತೋಯಿಸಿತು, ಹಿಂದೆ ಹೋಯಿತು, ಕಾಲ ಕೆಳಗಿನ ಮರಳನ್ನು ಒಂಚೂರು ಎಳೆದುಕೊಂಡು ಹೋಯಿತು. ಅವಳು ಮಗನ ತೋಳು ಹಿಡಿದುಕೊಂಡಳು. ಎಳೆಯುವುದನ್ನು ಮರೆತಳು. ಸೂರ್ಯ ಕೆಂಪಗೆ ನೀರಿಗೆ ಇಳಿಯುತ್ತಿದ್ದ. ತಾಯಿ ಮಗ ಇಬ್ಬರೂ ಹಾಗೇ ನಿಂತರು. ಹೆದರಿಕೆ ಯಾವಾಗ ಹೋಯಿತೋ ಅವಳಿಗೂ ಗೊತ್ತಾಗಲಿಲ್ಲ.

ಆಮೇಲೆ ಒಂದು ಅಲೆ ಡ್ರಾವನ್ನು ತಂದು ಅವಳ ಕಾಲಿಗೆ ತಾಗಿಸಿತು. ಮೋನಪ್ಪ ಎತ್ತಿ ಒಳಗೆ ನೋಡಿದ. ಒಳಗೆ ನೋಡುವುದನ್ನು ಅವನು ಮರೆತವನಲ್ಲ. ಅಂಬೊಡೆ ಒಂದೂ ಇರಲಿಲ್ಲ. ಒಂದು ಹಿಡಿ ಮರಳು, ಅದರ ಮೇಲೆ ಒಂದು ಬಿಳೀ ಕಪ್ಪೆಚಿಪ್ಪು.

"ಎಲ್ಲಾ ತಿಂದಿದ್ದಾರಮ್ಮ. ನೋಡು, ಖಾಲಿ ಕೊಟ್ಟಿಲ್ಲ."

ಸಾವಂತ್ರಮ್ಮನಿಗೆ ಅಳು ಬಂತು. ಅಳುತ್ತಾ ಅಳುತ್ತಾ ನಗು ಬಂತು. ಗಂಡ ಹೋದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ನಗುತ್ತಲೇ ಡ್ರಾ ತೊಳೆದು ಒರೆಸಿದಳು, ಉಳಿದ ಹಿಟ್ಟು ತಟ್ಟಿದಳು, ಇಬ್ಬರೂ ಗಾಡಿಯ ಮೆಟ್ಟಿಲ ಮೇಲೆ ಕೂತು ಬಿಸಿಬಿಸಿ ಅಂಬೊಡೆ ತಿಂದರು.

ತಿಂದಾದ ಮೇಲೆ ಮೋನಪ್ಪ ಕಪ್ಪೆಚಿಪ್ಪನ್ನು ಡ್ರಾದಲ್ಲಿಟ್ಟು ಬಾಣಲೆಗೆ ತಳ್ಳಿದ.

"ಅಮ್ಮ, ಅಪ್ಪ ಕೊಟ್ಟದ್ದನ್ನ ಎಷ್ಟು ಹೊತ್ತು ಬೇಯಿಸಬೇಕು?"

ಸಾವಂತ್ರಮ್ಮ ಬೈಯಲು ಬಾಯಿ ತೆರೆದಳು. ಹೊಸ ಬುದ್ಧಿ ಹೇಳಲು ಬೆರಳೂ ಎತ್ತಿದಳು. ಆಮೇಲೆ ಬೆರಳು ಇಳಿಸಿ, ಚಿಪ್ಪನ್ನು ತೆಗೆದು ಅವನ ಅಂಗೈಯಲ್ಲಿಟ್ಟು ಮುಚ್ಚಿದಳು.

"ಬೇಯಿಸೋದು ಬೇಡ ಮಗ. ಸ್ವಲ್ಪ ಹೊತ್ತು ಹೀಗೇ ಹಿಡಿದುಕೊಂಡಿರು."

"ಆಗಲಮ್ಮ" ಅಂದ ಮೋನಪ್ಪ.

ಬಿಡು ಅಂತ ಅವಳು ಹೇಳಲಿಲ್ಲ. ಅವನು ಇನ್ನೂ ಹಿಡಿದುಕೊಂಡೇ ಇದ್ದಾನೆ. ಒಂದೇ ಕೈಯಲ್ಲಿ ಗಾಡಿ ಓಡಿಸುತ್ತಾನೆ, ಒಂದೇ ಕೈಯಲ್ಲಿ ಉಣ್ಣುತ್ತಾನೆ. ನೀವು ಮಲಗಿ. ಕಾಲು ಒದ್ದೆಯಾಗಿದ್ದರೆ ಒರೆಸಿಕೊಂಡು ಮಲಗಿ.