ಭಾಮೈದನ ಹೋಟೆಲಿನಲ್ಲಿ ಭಾಷಣ

ಪಂಪ್‌ಸೆಟ್ ಕಂಪನಿಯ ಮ್ಯಾನೇಜರ್ ರುದ್ರಮುನಿ, ಡೀಲರುಗಳ ಸಮ್ಮೇಳನ ತಮ್ಮ ಭಾಮೈದನ ಹೋಟೆಲಿನಲ್ಲೇ ಆಗಬೇಕೆಂದು ಹಟ ಹಿಡಿದರು. ಅಲ್ಲಿನ ಸಭಾಂಗಣದ ಗೋಡೆಗೆ ಅಂಟಿಕೊಂಡೇ ಅಡುಗೆಮನೆ. ಬೇಡವೆಂದರೆ ಗುಮಾಸ್ತೆ ಸಾವಂತ್ರಮ್ಮನ ಕೆಲಸಕ್ಕೇ ಸಂಚಕಾರ. ಸಮ್ಮೇಳನ ಕೆಟ್ಟರೂ ಬೈಗುಳ ಅವಳಿಗೇ.

"ಆಗಲಿ ಸರ್. ನಿಮ್ಮ ಭಾಷಣ ಅಲ್ಲೇ ಒಮ್ಮೆ ಅಭ್ಯಾಸ ಮಾಡಿಬಿಡಿ," ಎಂದಳು.

ಹಿಟ್ಟು ರುಬ್ಬುವ ಹೊತ್ತಿಗೆ ಸರಿಯಾಗಿ ಕರೆದೊಯ್ದು, ತಾನು ಕೊನೆಯ ಸಾಲಿನಲ್ಲಿ ಕೂತಳು. ಭಾಷಣವೆಂದರೆ ಪ್ರಾಣ ಬಿಡುವ ರುದ್ರಮುನಿ ಗಂಟಲು ಹರಿಯುವಂತೆ ಕೂಗಿದರು. ಗ್ರೈಂಡರಿನ ಸದ್ದಿನಲ್ಲಿ ಒಂದು ಮಾತೂ ಕೇಳಲಿಲ್ಲ. ಸಾವಂತ್ರಮ್ಮ ಚಪ್ಪಾಳೆ ತಟ್ಟಿದಳು.

ರುದ್ರಮುನಿ ಅವಳ ಬಳಿಗೇ ಬಂದು ಕೇಳಿದರು: "ಯಾವ ಮಾತು ಹಿಡಿಸಿತು?"

"ಗೊತ್ತಾಗಲಿಲ್ಲ ಸರ್. ನಿಮ್ಮ ಬಾಯಿ ನಿಂತಿತು, ತಟ್ಟಿದೆ. ಡೀಲರುಗಳೂ ಹಾಗೇ ಮಾಡ್ತಾರೆ, ಬಿಡಿ."

ರುದ್ರಮುನಿ ಬೆವರು ಒರೆಸಿಕೊಂಡು ಹೊರಗೆ ಬಂದು ಬೇರೆ ಹೋಟೆಲಿಗೆ ಫೋನ್ ಮಾಡಿದರು. ಮೊದಲು ಕೇಳಿದ್ದು, ಅಡುಗೆಮನೆ ಎಷ್ಟು ದೂರವಿದೆ ಎಂದು.