ಕಲ್ಲುಕುಟಿಗನ ಮಗಳ ಹೊಟ್ಟೆನೋವು

ವೈದ್ಯ ಕಲಿಯುತ್ತಿದ್ದ ಮಹಾಂತ ಒಂದು ದಿನ ಗುರುಗಳನ್ನು ಕೇಳಿದ: "ಮೈಗೆ ಆದ ಗಾಯ ಕಣ್ಣಿಗೆ ಕಾಣುತ್ತದೆ. ಘೋರವಾದದ್ದನ್ನು ಕಂಡ ಮಗುವಿನ ಮನಸ್ಸಿಗೆ ಗಾಯವಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಹೆತ್ತವರನ್ನು ಕೇಳಿದರೆ ಸಾಲದೇ?"

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಹೆಂಡತಿ ತೀರಿಹೋಗಿದ್ದಳು. ಹನ್ನೊಂದು ವರ್ಷದ ಮಗಳು ಹುಲಿಗೆವ್ವನೇ ಮನೆ ನೋಡಿಕೊಳ್ಳುತ್ತಿದ್ದಳು. ಅವನೂ ಅವನ ತಮ್ಮನೂ ಗುಡ್ಡದಲ್ಲಿ ಕಲ್ಲು ಒಡೆಯುತ್ತಿದ್ದರು. ಒಂದು ಮಧ್ಯಾಹ್ನ ಅವಳು ರೊಟ್ಟಿ ಕಟ್ಟಿಕೊಂಡು ಹೋದಾಗ, ಅವಳ ಕಣ್ಣೆದುರೇ ಬಂಡೆ ಜಾರಿತು. ಚಿಕ್ಕಪ್ಪ ಅದರಡಿ ಸಿಕ್ಕಿ ಸತ್ತ.

ಹುಲಿಗೆವ್ವ ಅಳಲಿಲ್ಲ. ಮರುದಿನ ಎಂದಿನಂತೆ ನೀರು ತಂದಳು, ಒಲೆ ಹಚ್ಚಿದಳು. ನೆರೆಯವರು ಗಟ್ಟಿ ಹುಡುಗಿ ಎಂದರು. ತಂದೆಯೂ ಅದನ್ನೇ ನಂಬಿದ. ನಂಬಿದ್ದರಿಂದ ಅವನ ಎದೆಯ ಭಾರ ಒಂದಿಷ್ಟು ಇಳಿಯಿತು.

ಎರಡು ತಿಂಗಳಾದ ಮೇಲೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ತಂದೆ ಓಮದ ಕಷಾಯ ಕುಡಿಸಿದ, ದೃಷ್ಟಿ ತೆಗೆಸಿದ, ದೇವಿಗೆ ಹರಕೆ ಹೊತ್ತ. ನೋವು ಹೋಗಲಿಲ್ಲ. ಹುಡುಗಿ ದಿನದಿನಕ್ಕೆ ಕಡ್ಡಿಯಾದಳು. ಕೊನೆಗೆ ಅವಳನ್ನು ಎರಡು ಹರದಾರಿ ನಡೆಸಿಕೊಂಡು ಒಬ್ಬ ಮುದುಕಿ ವೈದ್ಯೆಯ ಬಳಿಗೆ ಬಂದ.

ವೈದ್ಯೆ ಹೊಟ್ಟೆ ಒತ್ತಿ ನೋಡಿದಳು. ಏನೂ ಸಿಗಲಿಲ್ಲ. ಇದಕ್ಕೆ ಮುಂಚೆ ಮನೆಯಲ್ಲಿ ಏನಾದರೂ ನಡೆದಿತ್ತೇ ಎಂದು ವಿಚಾರಿಸಿದಳು. ಅವನು ತಮ್ಮನ ಸಾವನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸಿದ.

"ಮಗಳಿಗೆ ನಿದ್ದೆ ಬರುತ್ತದೆಯೇ? ಗುಡ್ಡದ ಕಡೆ ಹೋಗಲು ಹೆದರುತ್ತಾಳೆಯೇ?"

"ಚೆನ್ನಾಗಿ ಮಲಗುತ್ತಾಳೆ ತಾಯಿ. ಮನೆಗೆಲಸವಿರುವುದರಿಂದ ಗುಡ್ಡಕ್ಕೆ ಬರುವುದಿಲ್ಲ, ಅಷ್ಟೆ. ಅವಳಿಗೆ ಅದರ ನೆನಪೇ ಇಲ್ಲ. ಒಂದು ದಿನವೂ ಆ ಮಾತೆತ್ತಿಲ್ಲ."

ವೈದ್ಯೆ ಅವನ ಕೈಗೆ ಕೊಡ ಕೊಟ್ಟು ಬಾವಿಗೆ ಕಳಿಸಿದಳು. ಆಮೇಲೆ ಹುಡುಗಿಯ ಪಕ್ಕ ಕೂತು ಅವೇ ಪ್ರಶ್ನೆಗಳನ್ನು ಅವಳಿಗೆ ಕೇಳಿದಳು. "ಎಷ್ಟು ಹೇಳಬೇಕೆನಿಸುತ್ತದೋ ಅಷ್ಟು ಹೇಳು, ಸಾಕು" ಎಂದಳು.

ಹುಲಿಗೆವ್ವ ನೆಲ ನೋಡುತ್ತಾ ಹೇಳಿದಳು. "ಕಣ್ಣು ಮುಚ್ಚಿದರೆ ಬಂಡೆ ಜಾರುತ್ತದೆ. ಅದಕ್ಕೇ ಗೋಡೆಗೆ ಒರಗಿ ಕೂತಿರುತ್ತೇನೆ. ಅಪ್ಪ ಏಳುವ ಹೊತ್ತಿಗೆ ಮಲಗಿದ ಹಾಗೆ ಮಾಡುತ್ತೇನೆ. ಗುಡ್ಡಕ್ಕೆ ಬುತ್ತಿಯನ್ನು ಬೇರೆಯವರ ಕೈಲಿ ಕಳಿಸುತ್ತೇನೆ." ಅವಳ ದನಿ ಇನ್ನೂ ತಗ್ಗಿತು. "ಊಟಕ್ಕೆ ಬಾ ಎಂದು ಚಿಕ್ಕಪ್ಪನನ್ನು ಕೂಗಿದವಳು ನಾನೇ. ಕೂಗದಿದ್ದರೆ ಅವನು ಆ ಕಡೆ ಬರುತ್ತಿರಲಿಲ್ಲ."

"ಇದನ್ನು ಅಪ್ಪನಿಗೆ ಯಾಕೆ ಹೇಳಲಿಲ್ಲ ಮಗಳೇ?"

"ಚಿಕ್ಕಪ್ಪನ ಹೆಸರು ಬಂದರೆ ಅಪ್ಪ ಉಣ್ಣುವುದನ್ನು ಬಿಟ್ಟು ಏಳುತ್ತಾನೆ."

ಅಪ್ಪನೆದುರು ಹೇಳಲು ಒಪ್ಪಿಗೆಯೇ ಎಂದು ವೈದ್ಯೆ ಕೇಳಿದಳು. ಹುಡುಗಿ ಯೋಚಿಸಿ ಹೂಂ ಎಂದು ತಲೆಯಾಡಿಸಿದಳು. ಕಲ್ಲುಕುಟಿಗ ಬಂದು ಕೊಡ ಇಳಿಸಿದ. ಮಗಳು ಹೇಳಿದಳು. ಈ ಸಲ ಅವನು ಎದ್ದು ಹೋಗಲಿಲ್ಲ.

"ಬಂಡೆ ಬೆಳಿಗ್ಗೆಯೇ ಬಿರುಕು ಬಿಟ್ಟಿತ್ತು ಮಗಳೇ" ಎಂದ. "ನಾನು ನೋಡಿದ್ದೆ. ಸಂಜೆಯವರೆಗೆ ತಡೆಯುತ್ತದೆ ಅಂದುಕೊಂಡು ತಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ, ನೀನು ಕೂಗಿದರೂ ಅವನು ಬಂಡೆಯ ಕೆಳಗೆ ಬರುತ್ತಿರಲಿಲ್ಲ. ತಪ್ಪು ನಿನ್ನದಲ್ಲ."

ಆಗ ಹುಲಿಗೆವ್ವ ಅತ್ತಳು. ಅವನೂ ಅತ್ತ. ವೈದ್ಯೆ ತಡೆಯಲಿಲ್ಲ. ಪ್ರತಿ ಸೋಮವಾರ ಇಬ್ಬರೂ ಬನ್ನಿ ಎಂದಷ್ಟೇ ಹೇಳಿದಳು. ಅವರು ತಪ್ಪದೆ ಬಂದರು. ಹೊಟ್ಟೆನೋವು ಒಮ್ಮೆಲೇ ಹೋಗಲಿಲ್ಲ; ಬಂದು ಹೋಗುತ್ತಾ ಅಪರೂಪವಾಯಿತು. ಸುಗ್ಗಿಯ ಹೊತ್ತಿಗೆ ಹುಡುಗಿ ಚಾಪೆಯ ಮೇಲೆ ಕಾಲು ಚಾಚಿ ಮಲಗುತ್ತಿದ್ದಳು. ಗುಡ್ಡಕ್ಕೆ ಮಾತ್ರ ಇನ್ನೂ ಹೋಗುತ್ತಿರಲಿಲ್ಲ. ಹೋಗು ಎಂದು ಯಾರೂ ಹೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ತಂದೆ ವೈದ್ಯೆಗೆ ಸುಳ್ಳು ಹೇಳಿದನೇ?" ಎಂದ ಮಹಾಂತ.

"ಇಲ್ಲ. ತನಗೆ ಕಂಡದ್ದನ್ನು ಹೇಳಿದ."

"ಒಂದೇ ಸೂರಿನಡಿ ಇದ್ದವನಿಗೆ ಅಷ್ಟು ತಿಳಿಯದೇ ಹೋದದ್ದು ಹೇಗೆ?"

ಗುರುಗಳು ಅವನನ್ನು ದಿಟ್ಟಿಸಿದರು. "ಎಳವೆಯಲ್ಲಿ ನೀನು ಬಚ್ಚಿಟ್ಟುಕೊಂಡ ಹೆದರಿಕೆ ನಿನ್ನ ತಾಯಿಗೆ ಇವತ್ತಿಗಾದರೂ ಗೊತ್ತೇ?"