ಸಾವಕಾರರ ಹೊಸ ಚಿಪ್

ವಿದ್ಯುತ್ ಅಲೆಗಳನ್ನು ಪರದೆಯ ಮೇಲೆ ತೋರಿಸುವ ಕಾಲೇಜಿನ ಹಳೇ ಆಸಿಲೋಸ್ಕೋಪಿನ ಮೆಮೊರಿ ಚಿಪ್ ಸುಟ್ಟಿತ್ತು. ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲ. ಲ್ಯಾಬ್ ನೋಡಿಕೊಳ್ಳುವ ನೀಲವ್ವ ಹುಬ್ಬಳ್ಳಿಯ ಸಂಗಣ್ಣ ಸಾವಕಾರರ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗೆ ಹೋದಳು.

ಸಾವಕಾರರು ಹೊಳೆಯುವ ಚಿಪ್ ಒಂದನ್ನು ಮುಂದೆ ತಳ್ಳಿದರು. "ಅಪ್ಪಟ ಹೊಸಾದು. ಮಾರಿದ್ದು ವಾಪಸ್ ತಗೊಳ್ಳೂದಿಲ್ಲ. ಬೇಕಿದ್ರ ತಗೋ, ಇಲ್ಲಾಂದ್ರ ನಡಿ."

ಗಲ್ಲಾದ ಪಕ್ಕದಲ್ಲೇ ಅವರ ಸ್ವಂತ ಆಸಿಲೋಸ್ಕೋಪು ಓಡುತ್ತಿತ್ತು. ಅದೂ ಅದೇ ಕಂಪನಿಯದು, ಅಷ್ಟೇ ಹಳೆಯದು; ಒಳಗಿನ ಚಿಪ್ಪೂ ಅದೇ ಬಗೆಯದು.

ನೀಲವ್ವ ಕೈಮುಗಿದಳು. "ಇಷ್ಟು ಚಲೋ ಮಾಲು ನಮಗ್ಯಾಕ್ರಿ ಸಾವಕಾರ್ರ? ಹೊಸಾದು ನಿಮ್ಮ ಮಷೀನಿಗೇ ಹಾಕ್ಕೊಳ್ರಿ. ಅದರಾಗಿನ ಹಳೇದು ನನಗ ಕೊಡ್ರಿ. ರೊಕ್ಕ ಮಾತ್ರ ಹೊಸಾದರದ್ದ ಕೊಡ್ತೀನಿ."

ಸಾವಕಾರರ ಕೈ ತಾನಾಗಿಯೇ ತಮ್ಮ ಮಷೀನಿಗೆ ಅಡ್ಡ ಬಂತು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ಕೊನೆಗೆ ಸಾವಕಾರರಿಗೂ ನಗು ತಡೆಯಲಾಗಲಿಲ್ಲ. ಬೀಗದ ಕೈ ಹಿಡಿದು ಒಳಗಿನ ಕಪಾಟಿನತ್ತ ಎದ್ದರು.

"ಕುಂದರವಾ ತಂಗಿ, ಚಾ ಕುಡಿ. ನನ್ನ ಮಷೀನಿಗಂತ ತೆಗೆದಿಟ್ಟಿದ್ದ ಅಸಲೀ ಚಿಪ್ ತರ್ತೀನಿ."